ಹವಾಮಾನ ಬದಲಾವಣೆ, ಭೂಮೇಲ್ಮೈ ಶಕ್ತಿ ಹಾಗೂ ಜಲಸಂಪನ್ಮೂಲ: ಗಣಕ ಮಾದರಿಗಳ ಪರಿಚಯ (ಬಾಣಸವಾಡಿ ಪ್ರದೇಶವನ್ನು ಆಧರಿಸಿದ ವಿವರಣೆ)

1. ಪೀಠಿಕೆ

ಭೂಮಿಯ ಮೇಲ್ಮೈಗೆ ಬರುವ ಬಿಸಿಲು ಹಾಗೂ ಮಳೆ ಯಾವ ರೀತಿಯಲ್ಲಿ ವಿನಿಯೋಗವಾಗುತ್ತವೆ, ಹವಾಮಾನ ಬದಲಾದಲ್ಲಿ ಈ ವಿನಿಯೋಗವು ಹೇಗೆ ಬದಲಾಗುತ್ತದೆ ಎಂಬುದನ್ನು ಗಣಕಯಂತ್ರದ ಸಹಾಯದಿಂದ ಲೆಕ್ಕ ಹಾಕುವ ವಿಧಾನಕ್ಕೆ ಭೂಮೇಲ್ಮೈ ಮಾದರಿ ಎಂದು ಹೆಸರು. ಕುಡಿಯುವ ನೀರಿನ ಯೋಜನೆ, ರಾಜಕಾಲುವೆಗಳ ಅಗಲ, ಕೆರೆಗಳ ಪುನಶ್ಚೇತನ, ಅಂತರ್ಜಲ ಬಳಕೆಯ ನಿಯಂತ್ರಣ ಮುಂತಾದ ವಿಷಯಗಳಲ್ಲಿ ಇಂತಹ ಲೆಕ್ಕಗಳನ್ನು ಆಧಾರವಾಗಿ ಬಳಸಲಾಗುತ್ತಿದೆ. ಆದುದರಿಂದ ಈ ಮಾದರಿಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಸಾರ್ವಜನಿಕರು ತಿಳಿದಿರುವುದು ಅಗತ್ಯವಾಗಿರುತ್ತದೆ. ವಿಷಯವು ಸುಲಭವಾಗಿ ಅರ್ಥವಾಗಲೆಂದು ಬೆಂಗಳೂರು ಪೂರ್ವ ಭಾಗದ ಬಾಣಸವಾಡಿ ಹಾಗೂ ಸುತ್ತಮುತ್ತಲ ಪ್ರದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

2. ಪ್ರದೇಶದ ಪರಿಚಯ

ಬೆಂಗಳೂರು ನಗರವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ ಮೇಲೆ ನೆಲೆಗೊಂಡಿದೆ. ಈ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದ ಮಳೆಯು ದಕ್ಷಿಣ ಪಿನಾಕಿನಿಗೆ ಸೇರಿ, ತಮಿಳುನಾಡಿನ ಮೂಲಕ ಬಂಗಾಳ ಕೊಲ್ಲಿಯನ್ನು ತಲುಪುತ್ತದೆ. ಬಾಣಸವಾಡಿಯು ಈ ಪೂರ್ವದ ಇಳಿಜಾರಿನಲ್ಲಿದೆ. ನಾಗವಾರ, ಕಲ್ಕೆರೆ, ರಾಂಪುರ ಮೊದಲಾದ ಕೆರೆಗಳು ಇದೇ ಇಳಿಜಾರಿನ ಸರಣಿಗೆ ಸೇರಿದ್ದು, ಈ ಸರಣಿಯ ನೀರು ಕೊನೆಗೆ ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಕಡೆಗೆ ಹರಿಯುತ್ತದೆ.

ಕೃಷ್ಣರಾಜಪುರ ಹೋಬಳಿಗೆ ಸೇರಿದ ಗ್ರಾಮವಾಗಿದ್ದ ಬಾಣಸವಾಡಿಯಲ್ಲಿ ಹಿಂದೆ ಹೊಲ, ತೋಟ ಹಾಗೂ ಕೆರೆ ಅಚ್ಚುಕಟ್ಟುಗಳಿದ್ದವು. ಹೆಣ್ಣೂರು ರಸ್ತೆ–ಬಾಣಸವಾಡಿ ರಸ್ತೆ ಬಡಾವಣೆ, ಕಲ್ಯಾಣನಗರ, ಕಮ್ಮನಹಳ್ಳಿ, ಹೊರವರ್ತುಲ ರಸ್ತೆ ಇವುಗಳು ಬೆಳೆದ ನಂತರ ಈ ಭೂಮಿಯ ಬಹುಭಾಗವು ಕಟ್ಟಡ, ಡಾಂಬರು ಹಾಗೂ ಕಾಂಕ್ರೀಟಿನಿಂದ ಮುಚ್ಚಲ್ಪಟ್ಟಿದೆ. ನಗರದ ಇತರೆಡೆಗಳಲ್ಲಿಯೂ ಇದೇ ಬದಲಾವಣೆಯಾಗಿದೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವೂ, ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಮೈದಾನವೂ ಬಂದಿರುವುದು ಎಲ್ಲರಿಗೂ ತಿಳಿದ ವಿಷಯ.

ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆಯು ಸುಮಾರು 950 ರಿಂದ 1000 ಮಿ.ಮೀ. ಇರುತ್ತದೆ. ಮೇ ತಿಂಗಳಿನಲ್ಲಿ ಒಮ್ಮೆ ಹಾಗೂ ಸೆಪ್ಟೆಂಬರ್–ಅಕ್ಟೋಬರ್ ಅವಧಿಯಲ್ಲಿ ಮತ್ತೊಮ್ಮೆ ಮಳೆಯು ಅಧಿಕವಾಗಿರುತ್ತದೆ. ನೆಲದ ಕೆಳಗೆ ಕೆಂಪುಮಣ್ಣು, ಅದರ ಕೆಳಗೆ ಶಿಥಿಲಗೊಂಡ ಬಂಡೆ, ಅದಕ್ಕೂ ಕೆಳಗೆ ಗಟ್ಟಿಯಾದ ನೈಸ್ ಶಿಲೆ ಇದೆ. ಗಟ್ಟಿ ಶಿಲೆಯಲ್ಲಿ ಬಿರುಕುಗಳಿದ್ದ ಕಡೆ ಮಾತ್ರ ನೀರು ನಿಲ್ಲುತ್ತದೆ. ಆದುದರಿಂದ ಕೊಳವೆ ಬಾವಿಯನ್ನು ಎಷ್ಟು ಆಳಕ್ಕೆ ಕೊರೆದರೂ ಸಂಗ್ರಹವು ಆಳಕ್ಕೆ ತಕ್ಕಂತೆ ಹೆಚ್ಚುವುದಿಲ್ಲ.

3. ಎರಡು ಲೆಕ್ಕಪುಸ್ತಕಗಳು

ಭೂಮೇಲ್ಮೈ ಮಾದರಿಯನ್ನು ಎರಡು ಲೆಕ್ಕಪುಸ್ತಕಗಳಿಗೆ ಹೋಲಿಸಬಹುದು. ಒಂದು ನೀರಿನದು, ಮತ್ತೊಂದು ಶಕ್ತಿಯದು. ಯಾವುದೇ ಲೆಕ್ಕಪುಸ್ತಕದಲ್ಲಿ ಇರುವಂತೆ ಇವೆರಡರಲ್ಲಿಯೂ ಜಮಾ, ಖರ್ಚು ಹಾಗೂ ಶಿಲ್ಕು ಇರುತ್ತವೆ; ಇವು ತಾಳೆಯಾಗಲೇಬೇಕು.

(ಅ) ನೀರಿನ ಲೆಕ್ಕ: ಮಳೆಯು ಜಮಾ. ಆವಿಯಾಗುವಿಕೆ ಹಾಗೂ ಗಿಡಮರಗಳ ಎಲೆಗಳ ಮೂಲಕ ಆಗುವ ಬಾಷ್ಪವಿಸರ್ಜನೆ, ಮೇಲ್ಮೈ ಹರಿವು, ಕೆಳಕ್ಕೆ ಇಂಗುವಿಕೆ ಇವುಗಳು ಖರ್ಚು. ಮಣ್ಣಿನಲ್ಲಿ ಉಳಿದ ತೇವಾಂಶವು ಶಿಲ್ಕು. ಇಂಗಿ ಹೋದ ನೀರು ಅಂತರ್ಜಲ ಎಂಬ ಮತ್ತೊಂದು ಖಾತೆಗೆ ಜಮಾ ಆಗುತ್ತದೆ. ಕೊಳವೆ ಬಾವಿಗಳಿಂದ ಎತ್ತುವ ನೀರು ಆ ಖಾತೆಯ ಖರ್ಚು. ವರ್ಷದಿಂದ ವರ್ಷಕ್ಕೆ ಖರ್ಚು ಜಮೆಯನ್ನು ಮೀರಿದಲ್ಲಿ ಹಿಂದಿನ ಶಿಲ್ಕು ಕರಗುತ್ತದೆ. ಬೆಂಗಳೂರು ನಗರ ಜಿಲ್ಲೆಯು ಅಂತರ್ಜಲದ ಅತಿಬಳಕೆಯ ವರ್ಗಕ್ಕೆ ಸೇರಿರುವುದರ ಅರ್ಥ ಇದೇ ಆಗಿದೆ.

(ಆ) ಶಕ್ತಿಯ ಲೆಕ್ಕ: ಸೂರ್ಯನ ಬಿಸಿಲು ಹಾಗೂ ವಾತಾವರಣವು ಕೆಳಮುಖವಾಗಿ ಹೊರಸೂಸುವ ಶಾಖವು ಜಮಾ. ಮೇಲ್ಮೈಯಿಂದ ಪ್ರತಿಫಲಿಸಿ ಹೋಗುವ ಬೆಳಕು, ನೆಲವು ತಾನೇ ಹೊರಸೂಸುವ ಶಾಖ, ಗಾಳಿಯನ್ನು ಬಿಸಿ ಮಾಡುವ ಶಾಖ, ನೀರನ್ನು ಆವಿ ಮಾಡಲು ವ್ಯಯವಾಗುವ ಗುಪ್ತೋಷ್ಣ ಇವು ಖರ್ಚು. ನೆಲದಲ್ಲಿ ಅಥವಾ ಗೋಡೆ, ತಾರಸಿಗಳಲ್ಲಿ ಉಳಿಯುವ ಶಾಖವು ಶಿಲ್ಕು. ಹಗಲು ಉಳಿದ ಈ ಶಿಲ್ಕನ್ನು ಕಾಂಕ್ರೀಟು ರಾತ್ರಿ ವೇಳೆ ಹೊರಹಾಕುವುದರಿಂದಲೇ ಒತ್ತಾಗಿ ಕಟ್ಟಡಗಳಿರುವ ಬಡಾವಣೆಗಳಲ್ಲಿ ರಾತ್ರಿಯೂ ಸೆಕೆ ಕಡಿಮೆಯಾಗುವುದಿಲ್ಲ.

ಆವಿಯಾಗುವಿಕೆಯು ಎರಡೂ ಪುಸ್ತಕಗಳಲ್ಲಿ ಬರುವ ಏಕೈಕ ಬಾಬತ್ತು ಎಂಬುದನ್ನು ಮುಖ್ಯವಾಗಿ ಗಮನಿಸತಕ್ಕದ್ದು. ನೀರಿನ ಪುಸ್ತಕದಲ್ಲಿ ಅದನ್ನು ಮಿಲಿಮೀಟರಿನಲ್ಲಿ, ಶಕ್ತಿಯ ಪುಸ್ತಕದಲ್ಲಿ ವಾಟ್‌ಗಳಲ್ಲಿ ಬರೆಯಲಾಗುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಕ್ತಿ ಬೇಕು. ಅದರಂತೆ ದಿನಕ್ಕೆ 1 ಮಿ.ಮೀ. ಆವಿಯಾಗುವಿಕೆಯು ಪ್ರತಿ ಚದರ ಮೀಟರಿಗೆ ಸುಮಾರು 28 ವಾಟ್‌ಗೆ ಸಮನಾಗುತ್ತದೆ.

ಇದನ್ನು ಒಂದು ಕೆರೆಗೆ ಅನ್ವಯಿಸಿ ನೋಡಬಹುದು. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾಗುತ್ತದೆ ಎಂದು ಭಾವಿಸಿದಲ್ಲಿ, ಒಂದು ಎಕರೆ ನೀರಿನ ಹರವಿನಿಂದ ದಿನಕ್ಕೆ ಸುಮಾರು 20,000 ಲೀಟರ್ ನೀರು ಆವಿಯಾಗಿ ಹೋಗುತ್ತದೆ. ನೀರಿನ ಲೆಕ್ಕದಲ್ಲಿ ಇದು ನಷ್ಟ. ಆದರೆ ಇದಕ್ಕೆ ವ್ಯಯವಾಗುವ ಶಕ್ತಿಯು ಸುಮಾರು 13,700 ಯೂನಿಟ್ ವಿದ್ಯುತ್ತಿಗೆ ಸಮ. ಒಂದೂವರೆ ಟನ್ ಸಾಮರ್ಥ್ಯದ ಸುಮಾರು ನೂರು ಹವಾನಿಯಂತ್ರಕಗಳು ಹಗಲೂ ರಾತ್ರಿ ನಡೆದು ಕೊಠಡಿಗಳಿಂದ ಹೊರಹಾಕುವಷ್ಟು ಶಾಖವಿದು. ಕೆರೆಯನ್ನು ಮುಚ್ಚಿದಾಗ ನೀರಿನ ಸಂಗ್ರಹದ ಜೊತೆಗೆ ಈ ತಂಪಿನ ಬಾಬತ್ತೂ ಇಲ್ಲವಾಗುತ್ತದೆ. ಅದೇ ಬಿಸಿಲು ಗಾಳಿಯನ್ನೂ ಕಟ್ಟಡಗಳನ್ನೂ ಕಾಯಿಸುವ ಕಡೆಗೆ ತಿರುಗುತ್ತದೆ.

4. ಮಾದರಿಗಳು ಬೆಳೆದುಬಂದ ಬಗೆ

ಭೂಮೇಲ್ಮೈಯನ್ನು ಹವಾಮಾನ ಲೆಕ್ಕದೊಳಗೆ ಸೇರಿಸಿದ ಮೊದಲ ಪ್ರಯತ್ನಗಳಲ್ಲಿ ಸ್ಯುಕುರೊ ಮನಾಬೆ ಅವರು 1969ರಲ್ಲಿ ಪ್ರಕಟಿಸಿದ ಬಕೆಟ್ ಮಾದರಿಯು ಪ್ರಸಿದ್ಧವಾಗಿದೆ. ಇದರಲ್ಲಿ ಮಣ್ಣನ್ನು 15 ಸೆಂ.ಮೀ. ನೀರು ಹಿಡಿಯುವ ಒಂದು ಬಕೆಟ್ ಎಂದು ಪರಿಗಣಿಸಲಾಯಿತು. ಬಕೆಟ್ ತುಂಬಿದ ಮೇಲೆ ಬೀಳುವ ಮಳೆಯು ಹರಿದು ಹೋಗುತ್ತದೆ. ಬಕೆಟ್ಟಿನಲ್ಲಿ ನೀರು ಕಡಿಮೆಯಾದಂತೆ ಆವಿಯಾಗುವಿಕೆಯೂ ಕುಗ್ಗುತ್ತದೆ. ಕೆರೆ ತುಂಬಿ ಕೋಡಿ ಬೀಳುವುದನ್ನು ಕಂಡವರಿಗೆ ಈ ತತ್ವವು ಹೊಸದೇನಲ್ಲ. ಹವಾಮಾನ ಮಾದರಿಗಳ ಕುರಿತ ಕಾರ್ಯಕ್ಕಾಗಿ ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೆಯಾಗಿ ದೊರೆಯಿತು.

1986ರಲ್ಲಿ ಡಿಕಿನ್ಸನ್ ಹಾಗೂ ಸೆಲ್ಲರ್ಸ್ ಅವರುಗಳ ತಂಡಗಳು ಪ್ರತ್ಯೇಕವಾಗಿ ಪ್ರಕಟಿಸಿದ ಮಾದರಿಗಳಲ್ಲಿ ಸಸ್ಯಗಳ ಪಾತ್ರವನ್ನು ಸೇರಿಸಲಾಯಿತು. ಬೇರು ಎಷ್ಟು ಆಳದಿಂದ ನೀರೆಳೆಯುತ್ತದೆ, ಎಲೆಯ ರಂಧ್ರಗಳು ಯಾವಾಗ ಮುಚ್ಚಿಕೊಳ್ಳುತ್ತವೆ ಎಂಬುದು ಲೆಕ್ಕಕ್ಕೆ ಬಂದಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಅನೇಕ ಸಸ್ಯಗಳ ಎಲೆರಂಧ್ರಗಳು ಕಡಿಮೆ ತೆರೆದುಕೊಳ್ಳುವುದರಿಂದ ಈ ಸೇರ್ಪಡೆಯು ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಅತ್ಯವಶ್ಯಕವಾಯಿತು. ಮುಂದೆ ನದಿ ಜಲಾನಯನಗಳಿಗೆಂದು 1994ರಲ್ಲಿ ವಿಐಸಿ ಎಂಬ ಮಾದರಿಯೂ, ಕೃಷಿ ಪ್ರದೇಶಗಳಿಗೆಂದು ಸ್ವಾಟ್ ಎಂಬ ಮಾದರಿಯೂ ಬಳಕೆಗೆ ಬಂದವು. ಕಟ್ಟಡ, ರಸ್ತೆಗಳ ಶಾಖವನ್ನು ಲೆಕ್ಕ ಹಾಕುವ ನಗರ ಮಾದರಿಗಳು 2000ದ ನಂತರ ಇವುಗಳ ಜೊತೆಗೂಡಿವೆ.

ಭಾರತದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿದ ಭೂವ್ಯವಸ್ಥೆ ಮಾದರಿಯ ಫಲಿತಾಂಶಗಳನ್ನು 2021ರ ಅಂತರ ಸರ್ಕಾರಿ ಹವಾಮಾನ ಬದಲಾವಣೆ ಸಮಿತಿಯ ಆರನೇ ವರದಿಯಲ್ಲಿ ಬಳಸಿದ ಜಾಗತಿಕ ಮಾದರಿಗಳ ಸಮೂಹದಲ್ಲಿ ಸೇರಿಸಲಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ದಿವೇಚಾ ಹವಾಮಾನ ಬದಲಾವಣೆ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ.

5. ಲೆಕ್ಕಕ್ಕೆ ಬೇಕಾದ ದತ್ತಾಂಶಗಳು

ಮಾದರಿಯು ಎಷ್ಟೇ ಸೂಕ್ಷ್ಮವಾಗಿದ್ದರೂ ಅಳತೆಯಿಲ್ಲದೆ ಅದರ ಫಲಿತಾಂಶವನ್ನು ನಂಬುವಂತಿಲ್ಲ. ಮುಖ್ಯ ದತ್ತಾಂಶ ಮೂಲಗಳು ಈ ಕೆಳಕಂಡಂತಿವೆ.

• ಮಳೆ: 1988ರಲ್ಲಿ ಬರ ನಿರ್ವಹಣೆಗಾಗಿ ಆರಂಭಗೊಂಡ ಘಟಕವು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದ್ದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹಾಗೂ ಬೆಂಗಳೂರು ನಗರದೊಳಗೆ ದೂರಮಾಪನ ಮಳೆಮಾಪಕಗಳನ್ನು ಹೊಂದಿದೆ.
• ಉಷ್ಣಾಂಶ: ಭಾರತೀಯ ಹವಾಮಾನ ಇಲಾಖೆಯ ನಗರ ಕೇಂದ್ರ ಹಾಗೂ ವಿಮಾನ ನಿಲ್ದಾಣಗಳ ವೀಕ್ಷಣಾಲಯಗಳು. ಬಾಣಸವಾಡಿಯಂತಹ ಪೂರ್ವ ಭಾಗದ ಬಡಾವಣೆಗಳಿಗೆ ಎಚ್.ಎ.ಎಲ್. ವಿಮಾನ ನಿಲ್ದಾಣದ ದಾಖಲೆಯು ಉಪಯುಕ್ತ.
• ನೆಲದ ಉಷ್ಣಾಂಶ: ಲ್ಯಾಂಡ್‌ಸ್ಯಾಟ್ ಉಪಗ್ರಹವು 16 ದಿನಗಳಿಗೊಮ್ಮೆ ಹಾದುಹೋಗಿ ಬಡಾವಣೆಗಳ ಮಟ್ಟದ ವ್ಯತ್ಯಾಸವನ್ನು ತೋರಿಸುತ್ತದೆ. ಇದು ತಾರಸಿ, ರಸ್ತೆ, ಮರಗಳ ಮೇಲ್ಮೈ ಉಷ್ಣಾಂಶವೇ ಹೊರತು ನೆರಳಿನಲ್ಲಿ ಅಳೆಯುವ ಗಾಳಿಯ ಉಷ್ಣಾಂಶವಲ್ಲ. ಎರಡನ್ನೂ ಒಂದೇ ಎಂದು ಭಾವಿಸಬಾರದು.
• ಮಣ್ಣಿನ ತೇವಾಂಶ: 2009ರ ಸ್ಮಾಸ್ ಹಾಗೂ 2015ರ ಸ್ಮ್ಯಾಪ್ ಉಪಗ್ರಹಗಳು. ಇವು ಕೊಡುವ ಅಂಕಿ ಸರಿಯೇ ಎಂದು ತಾಳೆ ನೋಡಲು ನೆಲದ ಮೇಲೆ ಅಳೆಯಲೇಬೇಕು. ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಫ್ರೆಂಚ್ ವಿಜ್ಞಾನಿಗಳು ನಡೆಸುತ್ತಾ ಬಂದಿರುವ ಅಳತೆಗಳು ಈ ಕಾರ್ಯಕ್ಕೆ ನೆರವಾಗಿವೆ. ರೈತರ ಹೊಲಗಳಲ್ಲಿನ ತೇವಾಂಶ, ಬೆಳೆ ಹಾಗೂ ಕೊಳವೆ ಬಾವಿಗಳ ನೀರಿನ ಮಟ್ಟವನ್ನು ಅಲ್ಲಿ ಒಟ್ಟಿಗೆ ದಾಖಲಿಸಲಾಗುತ್ತದೆ.

6. ಒಂದು ಸರಳ ಲೆಕ್ಕ

ಮಾದರಿಯು ಕೆಲಸ ಮಾಡುವ ಬಗೆಯನ್ನು ಒಂದು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. ಮಳೆಯಲ್ಲಿ ಎಷ್ಟು ಭಾಗ ಹರಿದು ಹೋಗುತ್ತದೆ ಎಂಬುದನ್ನು ಅಂದಾಜು ಮಾಡಲು ಅಮೆರಿಕದ ಮಣ್ಣು ಸಂರಕ್ಷಣಾ ಸೇವೆಯು 1950ರ ದಶಕದಲ್ಲಿ ರೂಪಿಸಿದ ರೇಖಾಸಂಖ್ಯೆ ವಿಧಾನವನ್ನು ನಮ್ಮ ದೇಶದಲ್ಲಿಯೂ ಬಳಸಲಾಗುತ್ತದೆ. ನೆಲದ ಗುಣಕ್ಕೆ ಅನುಗುಣವಾಗಿ 100ರವರೆಗೆ ಒಂದು ಸಂಖ್ಯೆಯನ್ನು ನೀಡಲಾಗುತ್ತದೆ. ನೀರು ಇಂಗುವ ತೆರೆದ ನೆಲಕ್ಕೆ 70 ಹಾಗೂ ಬಹುಪಾಲು ಮುಚ್ಚಿದ ಬಡಾವಣೆಗೆ 95 ಎಂದು ಇಟ್ಟುಕೊಂಡಲ್ಲಿ ದೊರೆಯುವ ಫಲಿತಾಂಶ ಹೀಗಿದೆ.

• ತೆರೆದ ನೆಲ, ಮಳೆ 60 ಮಿ.ಮೀ.: ಹರಿವು ಸುಮಾರು 10 ಮಿ.ಮೀ.
• ತೆರೆದ ನೆಲ, ಮಳೆ 66 ಮಿ.ಮೀ.: ಹರಿವು ಸುಮಾರು 13 ಮಿ.ಮೀ.
• ಮುಚ್ಚಿದ ನೆಲ, ಮಳೆ 60 ಮಿ.ಮೀ.: ಹರಿವು ಸುಮಾರು 46 ಮಿ.ಮೀ.
• ಮುಚ್ಚಿದ ನೆಲ, ಮಳೆ 66 ಮಿ.ಮೀ.: ಹರಿವು ಸುಮಾರು 52 ಮಿ.ಮೀ.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ತೆರೆದ ನೆಲದ ಮೇಲೆ ಮಳೆಯು ಶೇ. 10ರಷ್ಟು ಹೆಚ್ಚಿದರೆ ಹರಿವು ಶೇ. 30ರ ಸಮೀಪ ಹೆಚ್ಚುತ್ತದೆ. ಅಂದರೆ ಮಳೆಯ ಸಣ್ಣ ಬದಲಾವಣೆಯು ಹರಿವಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಎರಡನೆಯದಾಗಿ, ಅದೇ ಮಳೆಗೆ ನೆಲವನ್ನು ಮುಚ್ಚಿದ ಮಾತ್ರಕ್ಕೆ ಹರಿವು ನಾಲ್ಕು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಪ್ರವಾಹವಾದಾಗ ಹವಾಮಾನ ಬದಲಾವಣೆಯೊಂದೇ ಕಾರಣವೆಂದು ಹೇಳುವುದು ಪೂರ್ಣ ಸತ್ಯವಾಗಲಾರದು. ಹಾಗೆಯೇ ಕಟ್ಟಡಗಳೊಂದೇ ಕಾರಣವೆಂದು ಹೇಳಿ ಮುಂದಿನ ಮಳೆಯ ತೀವ್ರತೆಯನ್ನು ಮರೆಯುವುದೂ ಸರಿಯಲ್ಲ. ಹಳೆಯ ಮಳೆಗೆ, ಹಳೆಯ ನೆಲಕ್ಕೆ ಅಳತೆ ಮಾಡಿ ಕಟ್ಟಿದ ಕಾಲುವೆಯು ಇಂದು ಎರಡೂ ಕಡೆಯಿಂದ ಚಿಕ್ಕದಾಗಿದೆ.

7. ಹವಾಮಾನ ಬದಲಾವಣೆಯಿಂದ ಲೆಕ್ಕದಲ್ಲಾಗುವ ವ್ಯತ್ಯಾಸ

ಕೈಗಾರಿಕಾ ಪೂರ್ವ ಅವಧಿಗೆ (1850–1900) ಹೋಲಿಸಿದಲ್ಲಿ 2011–2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣಾಂಶವು 1.09 ಡಿಗ್ರಿ ಸೆಲ್ಸಿಯಸ್ ಅಧಿಕವಾಗಿತ್ತು. ಭಾರತದ ಸರಾಸರಿ ಉಷ್ಣಾಂಶವು 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯಲ್ಲಿ ತಿಳಿಸಲಾಗಿದೆ. ಇದರ ಪರಿಣಾಮಗಳನ್ನು ಹೀಗೆ ಸಂಗ್ರಹಿಸಬಹುದು.

(1) ಹಸಿರುಮನೆ ಅನಿಲಗಳು ಹೆಚ್ಚಿದಂತೆ ವಾತಾವರಣವು ಕೆಳಮುಖವಾಗಿ ಹೊರಸೂಸುವ ಶಾಖವು ಹೆಚ್ಚುತ್ತದೆ. ಶಕ್ತಿಯ ಪುಸ್ತಕದ ಜಮಾ ಬೆಳೆಯುತ್ತದೆ.
(2) ನೀರು ಲಭ್ಯವಿದ್ದ ಕಡೆ ಆವಿಯಾಗುವಿಕೆ ಹೆಚ್ಚುತ್ತದೆ. ಕೆರೆ ಹಾಗೂ ಮಣ್ಣು ಬೇಗ ಒಣಗುತ್ತವೆ. ನೀರಿಲ್ಲದ ಕಡೆ ಆ ಶಕ್ತಿಯೆಲ್ಲವೂ ಗಾಳಿಯನ್ನು ಕಾಯಿಸಲು ಹೋಗುತ್ತದೆ. ಬರಗಾಲದ ಬೇಸಿಗೆಯು ಹೆಚ್ಚು ಉಗ್ರವಾಗಿರಲು ಇದೊಂದು ಕಾರಣ.
(3) ಉಷ್ಣಾಂಶವು 1 ಡಿಗ್ರಿ ಏರಿದಲ್ಲಿ ಗಾಳಿಯು ಸುಮಾರು ಶೇ. 7ರಷ್ಟು ಅಧಿಕ ನೀರಾವಿಯನ್ನು ಹಿಡಿದಿಡಬಲ್ಲದು. ಆದುದರಿಂದ ಸುರಿಯುವ ಮಳೆಯು ಕಡಿಮೆ ಸಮಯದಲ್ಲಿ ಹೆಚ್ಚು ಸುರಿಯುವ ಸಂಭವವಿದೆ.
(4) ರಭಸದ ಮಳೆಯಲ್ಲಿ ಇಂಗಲು ಸಮಯ ಸಾಲದೆ ಹರಿವು ಹೆಚ್ಚುತ್ತದೆ. ಹೀಗಾಗಿ ವರ್ಷದ ಒಟ್ಟು ಮಳೆ ಕಡಿಮೆಯಾಗದಿದ್ದರೂ, ನೆಲ ಮುಚ್ಚಿದ ನಗರದಲ್ಲಿ ಅಂತರ್ಜಲಕ್ಕೆ ಸೇರುವ ಪಾಲು ಕುಗ್ಗಬಹುದು.

ಬಾಣಸವಾಡಿಯ ನಲ್ಲಿಗೆ ಬರುವ ನೀರು ಬಾಣಸವಾಡಿಯ ಮಳೆಯದಲ್ಲ ಎಂಬುದನ್ನೂ ಗಮನಿಸಬೇಕು. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ನಗರಕ್ಕೆ ತರಲಾಗುತ್ತದೆ. ಆ ನೀರು ಬಹುಪಾಲು ಕೊಡಗು ಹಾಗೂ ಪಶ್ಚಿಮ ಘಟ್ಟಗಳ ಮುಂಗಾರನ್ನು ಅವಲಂಬಿಸಿದೆ. ಆದಕಾರಣ ನಗರದ ಜಲ ಭವಿಷ್ಯವನ್ನು ತಿಳಿಯಲು ಘಟ್ಟದ ಲೆಕ್ಕ ಹಾಗೂ ನಗರದ ನೆಲದ ಲೆಕ್ಕ ಎರಡೂ ಬೇಕಾಗುತ್ತವೆ. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ನೀಡಿದ 14.75 ಟಿ.ಎಂ.ಸಿ. ಅಡಿ ನೀರಿನಲ್ಲಿ 4.75 ಟಿ.ಎಂ.ಸಿ. ಅಡಿ ಬೆಂಗಳೂರಿಗೆ ಮೀಸಲಾಗಿದೆ. ಆದರೆ ಮಳೆ ಕೈಕೊಟ್ಟ ವರ್ಷ ಹಂಚಿಕೆಯ ಹಕ್ಕು ಇದ್ದರೂ ಜಲಾಶಯದಲ್ಲಿ ನೀರು ಇರಬೇಕಾಗುತ್ತದೆ.

8. ಇತ್ತೀಚಿನ ವರ್ಷಗಳ ಅನುಭವ

2022ರಲ್ಲಿ ಬೆಂಗಳೂರಿನಲ್ಲಿ 1,900 ಮಿ.ಮೀ.ಗೂ ಅಧಿಕ, ಅಂದರೆ ಸರಾಸರಿಯ ಎರಡು ಪಟ್ಟಿನ ಸಮೀಪ ಮಳೆಯಾಯಿತು. ಆ ವರ್ಷ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿ 131.6 ಮಿ.ಮೀ. ಮಳೆ ದಾಖಲಾಗಿ, ಪೂರ್ವ ಭಾಗದ ಹೊರವರ್ತುಲ ರಸ್ತೆ ಹಾಗೂ ಮಹದೇವಪುರದ ಬಡಾವಣೆಗಳು ಜಲಾವೃತಗೊಂಡವು. ಮರುವರ್ಷ, 2023ರಲ್ಲಿ, ಮುಂಗಾರು ವಿಫಲವಾಗಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2024ರ ಮಾರ್ಚ್ ವೇಳೆಗೆ ನಗರದ ಸುಮಾರು 14,000 ಸರ್ಕಾರಿ ಕೊಳವೆ ಬಾವಿಗಳ ಪೈಕಿ 6,900 ಬತ್ತಿಹೋಗಿದ್ದವು ಎಂದು ಸರ್ಕಾರ ತಿಳಿಸಿತು. ಅದೇ ವರ್ಷ ಏಪ್ರಿಲ್ 28ರಂದು ನಗರದಲ್ಲಿ 38.5 ಡಿಗ್ರಿ ಉಷ್ಣಾಂಶ ದಾಖಲಾಯಿತು. 2025ರ ಮೇ ತಿಂಗಳಿನ ಮಳೆಗೆ ಬಾಣಸವಾಡಿಗೆ ಸಮೀಪದ ಹೊರಮಾವು ಭಾಗದ ಸಾಯಿ ಬಡಾವಣೆಯು ಮುಳುಗಿ, ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು.

ಎರಡು ಪಟ್ಟು ಮಳೆಯಾದ ವರ್ಷದ ನೀರು ಒಂದೂವರೆ ವರ್ಷದ ನಂತರ ಕೊಳವೆ ಬಾವಿಯಲ್ಲಿ ಉಳಿದಿರಲಿಲ್ಲ. ಜಮೆಯಾದ ನೀರು ಶಿಲ್ಕಾಗಿ ಉಳಿಯುವ ಮೊದಲೇ ಹರಿದು ಹೋಗಿತ್ತು. ಉಳಿದುದನ್ನೂ ಎತ್ತಿ ಬಳಸಲಾಗಿತ್ತು. ಕೊಡ ಹಿಡಿದು ಟ್ಯಾಂಕರಿಗೆ ಕಾದವರು ಹಾಗೂ ಮನೆಯೊಳಗೆ ಮಳೆನೀರು ನುಗ್ಗಿದವರು ಒಂದೇ ನಗರದ, ಹಲವೆಡೆ ಒಂದೇ ಇಳಿಜಾರಿನ ನಿವಾಸಿಗಳು. ಮಾದರಿಗಳು ಅಂಕಿಗಳಲ್ಲಿ ಹೇಳುವುದು ಇದನ್ನೇ ಆಗಿದೆ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತದ ಯೋಜನೆಯು ಉದ್ಘಾಟನೆಗೊಂಡು, ನಗರದ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಪೂರೈಕೆಗೆ ಅವಕಾಶವಾಗಿದೆ. ಬೆಂಗಳೂರು ಹವಾಮಾನ ಕ್ರಿಯಾ ಯೋಜನೆಯನ್ನು 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಲಾಗಿದೆ.

9. ಮಾದರಿಗಳ ಮಿತಿಗಳು

• ಜಾಗತಿಕ ಮಾದರಿಯ ಒಂದು ಚೌಕವು ಸಾಮಾನ್ಯವಾಗಿ 100 ಕಿ.ಮೀ. ಅಗಲವಿರುತ್ತದೆ. ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರಗಳು ಒಂದೇ ಚೌಕದಲ್ಲಿ ಅಡಗಬಹುದು. ಬಡಾವಣೆಯ ಮಟ್ಟಕ್ಕೆ ಇಳಿಸಲು ಬೇರೆ ವಿಧಾನಗಳನ್ನು ಬಳಸಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ಅನಿಶ್ಚಿತತೆ ಸೇರುತ್ತದೆ.
• ಉಷ್ಣಾಂಶದ ವಿಷಯದಲ್ಲಿ ಮಾದರಿಗಳು ಬಹುಮಟ್ಟಿಗೆ ಒಮ್ಮತ ಹೊಂದಿವೆ. ಒಂದು ನಿರ್ದಿಷ್ಟ ಸ್ಥಳದ ಮಳೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಹೆಚ್ಚು. ಆದುದರಿಂದ ಒಂದೇ ಮಾದರಿಯನ್ನು ನಂಬದೆ ಹಲವು ಮಾದರಿಗಳ ವ್ಯಾಪ್ತಿಯನ್ನು ನೋಡತಕ್ಕದ್ದು.
• ಖಾಸಗಿ ಕೊಳವೆ ಬಾವಿಗಳಿಂದ ಎತ್ತುವ ನೀರಿಗೆ ಸಾಮಾನ್ಯವಾಗಿ ಮೀಟರ್ ಇರುವುದಿಲ್ಲ. ಖರ್ಚಿನ ಈ ಬಾಬತ್ತನ್ನು ಅಂದಾಜಿನಿಂದಲೇ ಬರೆಯಬೇಕಾಗಿದೆ.
• ಕಸ ತುಂಬಿದ ಕಾಲುವೆ, ಕಿರಿದಾದ ಮೋರಿ ಇವುಗಳನ್ನು ಮಾದರಿಯು ತಾನಾಗಿ ಅರಿಯಲಾರದು. ಸ್ಥಳ ಪರಿಶೀಲನೆಗೆ ಬದಲಿ ಇಲ್ಲ.

10. ಸಾರ್ವಜನಿಕರು ಕೈಗೊಳ್ಳಬಹುದಾದ ಕ್ರಮಗಳು

(ಅ) ಮಳೆನೀರು ಸಂಗ್ರಹ: ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರಲ್ಲಿ ಮಾಡಿದ ತಿದ್ದುಪಡಿಯ ಮೂಲಕ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. 80 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 970 ಮಿ.ಮೀ. ಮಳೆಯಾಗಿ, ಅದರಲ್ಲಿ ಶೇ. 80ರಷ್ಟನ್ನು ಹಿಡಿದಲ್ಲಿ ಸುಮಾರು 62,000 ಲೀಟರ್ ದೊರೆಯುತ್ತದೆ. ತಲಾ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ಇದು ಸುಮಾರು 115 ದಿನಗಳ ಬಳಕೆಗೆ ಸಮ. ಜಯನಗರದಲ್ಲಿರುವ ಜಲಮಂಡಳಿಯ ಮಳೆನೀರು ಸಂಗ್ರಹ ಉದ್ಯಾನದಲ್ಲಿ ವಿಧಾನಗಳನ್ನು ಪ್ರತ್ಯಕ್ಷವಾಗಿ ನೋಡಬಹುದು.

(ಆ) ಇಂಗುಬಾವಿ: ತೊಟ್ಟಿಯಿಂದ ಹೆಚ್ಚಾದ ಸ್ವಚ್ಛ ಮಳೆನೀರನ್ನು ಇಂಗುಬಾವಿಗೆ ಬಿಡುವುದರಿಂದ ರಸ್ತೆಯ ಹರಿವು ತಗ್ಗುತ್ತದೆ ಹಾಗೂ ಅಂತರ್ಜಲಕ್ಕೆ ಜಮಾ ಆಗುತ್ತದೆ. ಬಚ್ಚಲು ಹಾಗೂ ಶೌಚದ ನೀರನ್ನು ಯಾವುದೇ ಕಾರಣಕ್ಕೂ ಇಂಗುಬಾವಿಗೆ ಬಿಡಬಾರದು.

(ಇ) ನಿವೇಶನದ ತೆರೆದ ಜಾಗ: ಮನೆಯ ಸುತ್ತಲಿನ ಜಾಗಕ್ಕೆ ಪೂರ್ತಿಯಾಗಿ ಕಾಂಕ್ರೀಟು ಹಾಕದೆ ಮಣ್ಣನ್ನು ಉಳಿಸಿಕೊಳ್ಳುವುದು ಹಾಗೂ ಮರಗಳನ್ನು ಕಾಪಾಡುವುದು ನೀರು, ಶಾಖ ಎರಡೂ ಲೆಕ್ಕಗಳಿಗೆ ಹಿತಕರ. ತಾರಸಿಗೆ ಬಿಳಿಯ ಲೇಪನ ಮಾಡಿದಲ್ಲಿ ಬಿಸಿಲಿನ ಹೆಚ್ಚು ಭಾಗ ಪ್ರತಿಫಲನಗೊಳ್ಳುತ್ತದೆ.

(ಈ) ರಾಜಕಾಲುವೆಗೆ ಕಸ ಹಾಗೂ ಕಟ್ಟಡದ ತ್ಯಾಜ್ಯವನ್ನು ಹಾಕದಿರುವುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾಳೆಯ ಹವಾಮಾನವನ್ನೇ ಸರಿಯಾಗಿ ಹೇಳಲಾಗದಿರುವಾಗ ಐವತ್ತು ವರ್ಷಗಳ ನಂತರದ್ದನ್ನು ಹೇಗೆ ಹೇಳುತ್ತಾರೆ?
ಉತ್ತರ: ಮಾದರಿಯು 2070ರ ಯಾವುದೋ ಒಂದು ದಿನ ಮಳೆ ಬರುತ್ತದೆಯೇ ಎಂದು ಹೇಳುವುದಿಲ್ಲ. ಆ ಕಾಲದ ಸರಾಸರಿ ಹಾಗೂ ಏರಿಳಿತಗಳು ಹೇಗಿರಬಹುದು ಎಂಬುದನ್ನು ಮಾತ್ರ ತಿಳಿಸುತ್ತದೆ. ಅಂಗಡಿಗೆ ನಾಳೆ ಯಾರು ಬರುತ್ತಾರೆಂದು ಹೇಳಲಾಗದಿದ್ದರೂ ವರ್ಷದ ವ್ಯಾಪಾರವನ್ನು ಅಂದಾಜು ಮಾಡಬಹುದಾದಂತೆ ಇದು.

ಪ್ರಶ್ನೆ: ಕೆರೆಯಿಂದ ನೀರು ಆವಿಯಾಗಿ ನಷ್ಟವಾಗುವುದಾದರೆ ಕೆರೆ ಏಕೆ ಬೇಕು?
ಉತ್ತರ: ಕೆರೆಯು ಮಳೆಗಾಲದ ರಭಸವನ್ನು ತಡೆಹಿಡಿಯುತ್ತದೆ, ಒಂದಷ್ಟನ್ನು ಇಂಗಿಸುತ್ತದೆ, ಆವಿಯಾದ ನೀರಿನಿಂದ ಸುತ್ತಲಿನ ಶಾಖವನ್ನು ತಗ್ಗಿಸುತ್ತದೆ. ಈ ಮೂರನ್ನೂ ಒಟ್ಟಿಗೆ ಮಾಡುವ ಬೇರೆ ವ್ಯವಸ್ಥೆ ನಗರದಲ್ಲಿ ವಿರಳ.

ಪ್ರಶ್ನೆ: ಹೆಚ್ಚು ಆಳಕ್ಕೆ ಕೊಳವೆ ಬಾವಿ ಕೊರೆಸಿದರೆ ಸಮಸ್ಯೆ ಪರಿಹಾರವಾಗುವುದೇ?
ಉತ್ತರ: ಆಳದ ಬಿರುಕುಗಳಲ್ಲಿನ ನೀರು ಹಲವು ವರ್ಷಗಳ ಶಿಲ್ಕು. ಮರುಪೂರಣವಿಲ್ಲದೆ ಅದನ್ನು ಎತ್ತುವುದರಿಂದ ಸಮಸ್ಯೆಯು ಕೆಲಕಾಲ ಮುಂದಕ್ಕೆ ಹೋಗುತ್ತದೆಯೇ ವಿನಾ ಪರಿಹಾರವಾಗುವುದಿಲ್ಲ.

ಮೇಲ್ಕಂಡ ಮಾಹಿತಿಯನ್ನು ನಿವಾಸಿಗಳ ಸಂಘಗಳು, ಶಾಲಾ ಕಾಲೇಜುಗಳು ಹಾಗೂ ಆಸಕ್ತ ನಾಗರಿಕರು ಸದುಪಯೋಗಪಡಿಸಿಕೊಂಡು, ತಮ್ಮ ಮನೆ ಹಾಗೂ ಬಡಾವಣೆಯ ನೀರಿನ ಜಮಾ ಖರ್ಚನ್ನು ಮುಂದಿನ ಮಳೆಗಾಲಕ್ಕೆ ಮುನ್ನ ಒಮ್ಮೆ ತಾಳೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ.